ಜಿನದತ್ತ ಗೌಡರ ಕೇಬಲ್

ನಡುವೆ ಬಾಯಿ ಹಾಕಬೇಡಿ. ಆ ಕಾಲದಲ್ಲಿ ಕಾಟ್ಟಿಕುಳದಲ್ಲಿ ಮೋಟಾರ್ ಸೈಕಲ್ ಎಲ್ಲಿತ್ತು, ಮುದುಕನಿಗೆ ಅರಳುಮರಳು ಎಂದು ನಗುತ್ತೀರಲ್ಲ? ಎಸ್ಟೇಟಿನವರ ಹತ್ತಿರ ಇತ್ತು, ಮೆಣಸಿನ ವ್ಯಾಪಾರಿಗಳ ಹತ್ತಿರ ಇತ್ತು, ಪೊಲೀಸರ ಹತ್ತಿರವಂತೂ ಇದ್ದೇ ಇತ್ತು. ಆಗ ಹುಟ್ಟೇ ಇರದವರು ಸಾಕ್ಷಿ ಹೇಳಲು ಬರಬೇಡಿ. ತೆಪ್ಪಗೆ ಕೇಳಿ.

ಗೌಡರ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಾರ ಸೌದೆ ಕೊಡವುತ್ತಿದ್ದ. ಒಂದೊಂದು ಕೊರಡನ್ನೂ ಕಲ್ಲಿಗೆ ತಟ್ಟಿ, ಬಿರುಕಿಗೆ ಬಾಯಿಟ್ಟು ಊದಿ, ಇರುವೆ ಗೆದ್ದಲು ಇಲ್ಲವೆಂದು ಖಾತ್ರಿಯಾದ ಮೇಲೆ ಆಚೆಗಿಡುತ್ತಿದ್ದ. ಜೈನರ ಚಿತೆ. ಸತ್ತವನ ಜೊತೆ ಒಂದು ಹುಳವೂ ಸುಡಬಾರದು. ಹೊತ್ತು ಮುಳುಗಿದ ಮೇಲೆ ಬೆಂಕಿ ಇಡುವಂತೆಯೂ ಇಲ್ಲ. ಸತ್ತ ಜಿನದತ್ತ ಗೌಡರ ಅಣ್ಣ ಆದಿರಾಜ ಗೌಡರು ಪಕ್ಕದಲ್ಲಿ ನಿಂತು ಅವಸರಿಸುತ್ತಿದ್ದರು.

“ಬೇಗ ಬೇಗ, ಮಾರಾ. ಬಿಸಿಲು ಆಗ್ಲೇ ಕಾಪಿ ಗಿಡದ ತಲೆಗೆ ಇಳೀತು.”

“ಇದ್ರೊಳಗೆ ಗೂಡೇ ಉಂಟು ಗೌಡ್ರೇ. ನಿಮ್ಮ ತಮ್ಮನ್ನ ಕಳಿಸೋಕೆ ಊರೇ ಬಂದದೆ, ಇವೂ ಬಂದವೆ. ಹೋಗಿ ಅಂದ್ರೆ ಹೋಗ್ತಾವಾ?”

ಯಾರೋ ನಕ್ಕರು. ಅಷ್ಟರಲ್ಲಿ ಕೆಳಗಿನ ತಿರುವಿನಲ್ಲಿ ಮೋಟಾರ್ ಸೈಕಲ್ ಸದ್ದು ಕೇಳಿತು. ನಗು ನಿಂತಿತು. ಮಾರನ ಕೈಯಲ್ಲಿದ್ದ ಕೊರಡು ಕೈಯಲ್ಲೇ ಉಳಿಯಿತು. ಸದ್ದಿನಲ್ಲೇ ಅವನಿಗೆ ಬಂಡಿಯ ಗುರುತು ಸಿಗುತ್ತಿತ್ತು. ಇದು ಪೊಲೀಸ್ ಸ್ಟೇಷನ್ನಿನದು.

ಜನ್ಮಿಯ, ಅಂದರೆ ಜಮೀನ್ದಾರನ, ಮನೆಗೆ ನಕ್ಸಲರು ನುಗ್ಗಿದ ದಿನದಿಂದ ಮಾರನಂಥ ಕಾಡಿನವರನ್ನು ಹಿಡಿಯಲು ಪೊಲೀಸರಿಗೆ ಕಾರಣವೇ ಬೇಕಿರಲಿಲ್ಲ. ಮಾರನ ಭಾವ ಕುಳ್ಳನ್ ಅಂಗಡಿಯಲ್ಲಿ ಸೀಮೆಎಣ್ಣೆ ಕೊಂಡಿದ್ದಕ್ಕೆ ಒಳಗೆ ಹೋಗಿದ್ದ. ಯಾರಿಗೆ ಎಣ್ಣೆ ಎಂದು ಕೇಳಿದ್ದರು. ದೀಪಕ್ಕೆ ಎಂದಿದ್ದ. ವಾಪಸು ಬಂದವನು ಇನ್ನೂ ಅಂಗಾಲು ನೆಲಕ್ಕೆ ಊರುತ್ತಿರಲಿಲ್ಲ, ಮೊಣಕಾಲಲ್ಲೇ ಹಿತ್ತಿಲಿಗೆ ಹೋಗುತ್ತಿದ್ದ.

ಎಸ್.ಐ. ಅಂಗಳದಲ್ಲಿ ಬಂಡಿ ನಿಲ್ಲಿಸಿದ. ಊರಿಗೆ ಹೊಸಬ. ಹೆಣ ನೋಡಿ ಟೋಪಿ ತೆಗೆದ, ಮತ್ತೆ ಹಾಕಿಕೊಂಡ. ಹೆಗಲ ಚೀಲದಿಂದ ಸತ್ತ ಹಾವಿನಂಥ ಒಂದು ಕ್ಲಚ್ ಕೇಬಲ್ ಎಳೆದು ಎಲ್ಲರ ಮುಂದೆ ಹಿಡಿದ.

“ಆ ನಕ್ಸಲ್ ಮೇಷ್ಟ್ರು ಕರುಣಾಕರನ್ ಮಾಷ್ ಬಿಟ್ಟು ಓಡಿದ ಬಂಡಿ ಬಾವಲಿ ಕಾಡಲ್ಲಿ ಸಿಕ್ಕಿದೆ. ಇದು ಅದರದ್ದು. ಕಂಪನಿ ಮಾಲಲ್ಲ, ಕೈಯಲ್ಲಿ ಮಾಡಿದ್ದು. ಈ ಭಾಗದಲ್ಲಿ ಕೇಬಲ್ ಮಾಡೋನು ಇವನೊಬ್ಬನೇ ಅಂತ ಕೇಳಿದೆ. ಸತ್ತೋಗಿದ್ದಾನೆ. ಜೊತೆಗೆ ಕೆಲಸ ಮಾಡ್ತಿದ್ದೋನು ಯಾರು?”

ಯಾರೂ ಮಾರನ ಕಡೆ ತಿರುಗಲಿಲ್ಲ. ತಿರುಗದೇ ಇದ್ದದ್ದರಲ್ಲೇ ಎಸ್.ಐ.ಗೆ ಗೊತ್ತಾಗಬಹುದು ಎಂದು ಮಾರ ಮತ್ತೆ ಕೊರಡು ತಟ್ಟತೊಡಗಿದ.

*

ಮಾಷ್ ಗೌಡರ ಅಂಗಡಿಗೆ ಬಂದದ್ದು ಮಳೆ ಹಿಡಿದ ಒಂದು ಮಧ್ಯಾಹ್ನ, ಕ್ಲಚ್ ಕೇಬಲ್ ತುಂಡಾದ ಬಂಡಿ ತಳ್ಳಿಕೊಂಡು. ಜಿನದತ್ತ ಗೌಡರು ಮುಖ ನೋಡಲಿಲ್ಲ, ಹ್ಯಾಂಡಲ್ ನೋಡಿದರು. ಹೊಲ ಗದ್ದೆ ಅಣ್ಣನಿಗೆ ಬಿಟ್ಟು ತಂತಿ ಹಿಡಿದ ಮನುಷ್ಯ ಅವರು. ನೆಂಟರು ‘ತಂತಿ ಗೌಡ’ ಎಂದು ಆಡಿಕೊಂಡರೆ ಹೌದು ಎನ್ನುತ್ತಿದ್ದರು.

“ಗೌಡ್ರೇ, ಇವ್ರು ಮಾಷ್. ಪೊಲೀಸ್ರು ಗೋಡೆ ಮೇಲೆ ಇವ್ರ ಪಟ ಅಂಟಿಸವ್ರೆ,” ಎಂದು ಮಾರ ಕಿವಿಯಲ್ಲಿ ಪಿಸುಗುಟ್ಟಿದ.

“ಪಟಕ್ಕಲ್ಲ ಕೇಬಲ್ ಮಾಡೋದು. ಕ್ಲಚ್ ಇಲ್ದೆ ಈ ಇಳಿಜಾರಲ್ಲಿ ಬಿಟ್ರೆ ಮೂಳೆ ಸಿಕ್ಕಲ್ಲ ಇವನ್ದು. ತಂತಿ ತಾ. ದಪ್ಪ ಎಳೆದಲ್ಲ. ಸಣ್ಣ ಎಳೆ ಬಹಳ ಇರೋದು, ಅದು ಬಾಗ್ತದೆ.”

ಗೌಡರು ಕೇಬಲ್ ಮಾಡಿ ಮೊಳೆಗೆ ನೇತುಹಾಕಿ ಮಾರಿದವರಲ್ಲ. ಬಂಡಿ ಎದುರು ಇರಬೇಕು. ಹ್ಯಾಂಡಲನ್ನು ಆಚೆಗೂ ಈಚೆಗೂ ಪೂರ್ತಿ ತಿರುಗಿಸಿ ಅಳೆಯಬೇಕು. ಗಿಡ್ಡವಾದರೆ ತಿರುವಿನಲ್ಲಿ ಕ್ಲಚ್ ತಾನಾಗಿ ಎಳೆದುಕೊಳ್ಳುತ್ತದೆ. ತಂತಿಯ ತುದಿಯನ್ನು ಕ್ಲಚ್ ಹಿಡಿಯ ಗೂಡಿನಲ್ಲಿ ಕೂರುವ ಹಿತ್ತಾಳೆ ಗುಂಡಿನೊಳಗೆ ತೂರಿಸಿ, ಎಳೆಗಳನ್ನು ಹೂವಿನಂತೆ ಬಿಡಿಸಿ ಬೆಸುಗೆ ಹಾಕಿದರು. ಆಸಿಡ್ ಉಳಿದರೆ ಒಳಗೊಳಗೇ ತಿನ್ನುತ್ತದೆಂದು ಸೋಡಾ ನೀರಲ್ಲಿ ತೊಳೆದರು. ಕೊನೆಗೆ ಗುಂಡಿನ ಕತ್ತಿಗೆ ತಾಮ್ರದ ಎಳೆ ಒತ್ತಾಗಿ ಸುತ್ತುವುದು. ಅದು ಯಾವಾಗಲೂ ಮಾರನ ಕೆಲಸ. ಎಳೆ ಬಿಚ್ಚದಿರಲಿ ಎಂದು ಶುರುಮಾಡಿದ್ದು, ಆಮೇಲೆ ಅಂಗಡಿಯ ಗುರುತೇ ಆಗಿಹೋಗಿತ್ತು.

ಅವತ್ತೂ ಸುತ್ತಿದ. ಕೈ ಅಭ್ಯಾಸ. ಮಾಷ್ ಹೋದ ಮೇಲೆ ಇಬ್ಬರಿಗೂ ನೆನಪಾಯಿತು.

“ಛೆ, ಅದೊಂದು ಬಿಡಬೇಕಿತ್ತಲ್ಲೋ,” ಎಂದರು ಗೌಡರು.

ಅಂದಿನಿಂದ ಜೀಪಿನ ಸದ್ದಾದರೆ ಗೌಡರ ಅರ ನಿಲ್ಲುತ್ತಿತ್ತು. ಅವರು ಸತ್ತ ದಿನ ಬೆಳಿಗ್ಗೆಯೂ ಜೀಪೊಂದು ಹೋಯಿತು. ಅರ ನಿಂತಿತು. ಜೀಪು ದಾಟಿ ಹೋದ ಮೇಲೂ ಶುರುವಾಗಲಿಲ್ಲ.

*

“ನೋಡೋಣ ಕೊಡಿ ಸಾರ್.”

ಮುಂದೆ ಬಂದವನು ಕಲ್ಲೂರಿನ ಮೆಕ್ಯಾನಿಕ್ ವೇಲಾಯುಧನ್. ಗಿರಾಕಿಗಳ ವಿಷಯಕ್ಕೆ ಗೌಡರ ಜೊತೆ ಜಗಳವಾಡಿ ಮಾತು ಬಿಟ್ಟಿದ್ದವನು, ಸಾವಿನ ಸುದ್ದಿ ಕೇಳಿ ಬಸ್ ಹತ್ತಿ ಬಂದಿದ್ದ. ಕೇಬಲ್ ತುದಿಯನ್ನು ಬೆಳಕಿಗೆ ಹಿಡಿದ. ತಾಮ್ರದ ಸುತ್ತು ಹೊಳೆಯಿತು. ಮಾರ ಕಣ್ಣು ಮುಚ್ಚಿದ.

“ಇದು ಗೌಡನ ಕೈಯದ್ದಾ?” ವೇಲಾಯುಧನ್ ಗಟ್ಟಿಯಾಗಿ ನಕ್ಕ. ಹೆಣದ ಮುಂದೆ! “ಸತ್ತವರ ಬಗ್ಗೆ ಹೇಳಬಾರ್ದು ಸಾರ್. ಆದ್ರೆ ಇಷ್ಟು ಅಚ್ಚುಕಟ್ಟು ಪಾಪ ಅವನಿಗೆಲ್ಲಿ? ಬೆಸುಗೆ ನೋಡಿ, ಕೊಯಮತ್ತೂರಿನ ಕೈ. ಗೌಡನ ಕೇಬಲ್ಲು ಒಂದು ಮಳೆ ದಾಟ್ತಿರಲಿಲ್ಲ.”

“ಅವನು ಮಾಡಿದ್ದು ಒಂದು ತೋರಿಸು.”

“ಇದ್ರೆ ತಾನೇ ಸಾರ್! ಎಲ್ಲ ತುಂಡಾಗಿ ತಿಪ್ಪೆ ಸೇರಿದಾವೆ.”

ಆದಿರಾಜ ಗೌಡರ ಮುಖ ಕೆಂಪಾಯಿತು. “ಏನೋ ಹೇಳ್ತಿದೀಯ, ನನ್ನ ತಮ್ಮ...” ಎಂದು ಬಾಯಿ ತೆರೆದರು. ಮಾರನನ್ನು ನೋಡಿದರು. ಬಾಯಿ ಮುಚ್ಚಿದರು.

ಎಸ್.ಐ. ಆ ನೋಟದ ಹಿಂದೆಯೇ ಬಂದ. “ಎಡಾ, ನೀನೇನಾ? ಇವನು ಹೇಳೋದು ಹೌದಾ?”

ಮಾರ ಹೆಣದ ಕಡೆ ನೋಡಿದ. ಬಿಳಿ ಬಟ್ಟೆಯ ಹೊರಗೆ ಗೌಡರ ಬಲಗೈ ಕಾಣುತ್ತಿತ್ತು. ಎಷ್ಟು ತೊಳೆದರೂ ಹೋಗದ ಕಪ್ಪು ಉಗುರಿನ ಸಂದಿಯಲ್ಲಿತ್ತು.

“ಹೌದು ಸಾರ್. ಗೌಡ್ರು ಮಾಡಿದ್ದು... ತುಂಡಾಗ್ತಿತ್ತು. ಬೈಸ್ಕೊಂಡು ಬೈಸ್ಕೊಂಡು ಸಾಕಾಗಿತ್ತು ನಂಗೆ.”

ಎಸ್.ಐ. ಗೌಡರ ಹೆಂಡತಿ ಕುಸುಮಾವತಿಯಮ್ಮನ ಹತ್ತಿರ ಹೋದ. ಹೆಣದ ತಲೆಯ ಬಳಿ ಕೂತಿದ್ದರು. “ಅಮ್ಮಾ, ನೀವು ಜೈನರು, ಸುಳ್ಳಾಡೋರಲ್ಲ. ನಿಮ್ಮ ಯಜಮಾನ್ರಿಗೆ ಕೆಲಸ ಬರ್ತಿರಲಿಲ್ವಾ?”

ಆ ಅಮ್ಮ ತಪ್ಪಿಯೂ ಬೊಗಳೆ ಬಿಟ್ಟವರಲ್ಲ. ಗಂಡನ ಕೇಬಲ್ಲಿನ ಬಗ್ಗೆ ನೆಂಟರೆದುರು ಎದೆ ಉಬ್ಬಿಸಿದವರು. ಗಂಡನ ಮುಖ ನೋಡಿದರು.

“ಬರ್ತಿರಲಿಲ್ಲ,” ಎಂದರು. “ಕೆಲಸ ಬರ್ತಿರಲಿಲ್ಲ ಇವರಿಗೆ.”

ಎಸ್.ಐ. ಕೇಬಲ್ ಸುತ್ತಿ ಚೀಲಕ್ಕೆ ಹಾಕಿದ. ಬಂಡಿ ಹತ್ತಿ ಕ್ಲಚ್ ಹಿಡಿದವನು ಮುಖ ಕಿವುಚಿದ. “ಎಡಾ, ಇಲ್ಲಿ ಬಾ. ಇದು ಬಿಗಿ ಬಂದಿದೆ. ಎಣ್ಣೆ ಬಿಡು.”

ಮಾರ ಬಂಡಿಯ ಹ್ಯಾಂಡಲ್ ನೋಡಿದ. ಹಿಂದಿನ ಎಸ್.ಐ. ಇದ್ದಾಗ ಈ ಬಂಡಿಗೆ ಕೇಬಲ್ ಮಾಡಿದ್ದು ಗೌಡರೇ. ಆ ರಬ್ಬರ್ ಮುಸುಕಿನ ಕೆಳಗೆ ಅದೇ ಗುಂಡು, ಅದೇ ತಾಮ್ರ. ಇಷ್ಟು ಹೊತ್ತೂ ಸಾಕ್ಷಿ ಎಸ್.ಐ.ಯ ಅಂಗೈಯಲ್ಲೇ ಇತ್ತು.

ಅಂಗಡಿಯಿಂದ ಎಣ್ಣೆ ತಂದ. ಬೆನ್ನು ಅಡ್ಡ ಕೊಟ್ಟು ಮುಸುಕು ಸರಿಸಿದ. ಗುಂಡನ್ನು ಕಳಚಿ, ತಾಮ್ರದ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಇನ್ನೊಂದು ಕೈಯಿಂದ ತೊಟ್ಟುತೊಟ್ಟಾಗಿ ಎಣ್ಣೆ ಬಿಟ್ಟ. ಎಣ್ಣೆ ಇಳಿಯಲು ಹೊತ್ತು ಬೇಕು. ತಂತಿಯನ್ನು ಹಿಂದೆ ಮುಂದೆ ಆಡಿಸಬೇಕು. ಹೆಬ್ಬೆರಳು ಎಣ್ಣೆಗೆ ಜಾರತೊಡಗಿತು.

“ಯಾಕೋ ಇಷ್ಟು ನಡುಗ್ತೀಯ?” ಎಸ್.ಐ. ಬಗ್ಗಿದ. ಅವನ ಉಸಿರು ಮಾರನ ಕಿವಿಗೆ ತಾಗಿತು.

“ಅನ್ನ ಕೊಟ್ಟ ಕೈ ತಣ್ಣಗಾಗಿದೆಯಲ್ಲ ಸಾರ್, ನಡುಗದೆ ಏನು ಮಾಡ್ತಾನೆ?” ವೇಲಾಯುಧನ್ ನಡುವೆ ತೂರಿದ. “ಹೊತ್ತು ನೋಡಿ. ಸೂರ್ಯ ಹೋದ್ರೆ ಇವರಲ್ಲಿ ಬೆಂಕಿ ಇಡಂಗಿಲ್ಲ. ಹೆಣ ಬೆಳಗಿನ ತನಕ ಕೊಳೀಬೇಕು. ನಿಮಗ್ಯಾಕೆ ಸಾರ್ ಆ ಪಾಪ?”

ಎಸ್.ಐ. ತಲೆಯೆತ್ತಿ ಪಡುವಣದ ಕಡೆ ನೋಡಿದ. ಅಷ್ಟರಲ್ಲಿ ಗುಂಡು ತನ್ನ ಗೂಡು ಸೇರಿತು, ಮುಸುಕು ಇಳಿಯಿತು.

“ಈಗ ಬೆಣ್ಣೆ ಹಾಗಿದೆ,” ಎಂದ ಎಸ್.ಐ. ಕ್ಲಚ್ ಒತ್ತಿ ನೋಡಿ. ಹೊರಟ.

ಆದಿರಾಜ ಗೌಡರು ಕೊಳ್ಳಿ ಹಿಡಿದು ನಿಂತಿದ್ದರು, ಇಡಲಿಲ್ಲ. ಯಾರೂ ಅಲುಗಲಿಲ್ಲ. ಆ ಕೇಬಲ್ ದಾರಿಯಲ್ಲಿ ತುಂಡಾದರೆ ಅವನು ಅಲ್ಲೇ ನಿಂತು ಮುಸುಕು ಸರಿಸಿ ನೋಡುತ್ತಾನೆ. ತಿರುಗಿ ಬರುತ್ತಾನೆ.

ಅಂದು ಆಡಿದ ಸುಳ್ಳು ಊರಲ್ಲಿ ನಿಂತುಬಿಟ್ಟಿತು. ಕೈಕೊಡುವ ತಂತಿಗೆಲ್ಲ ‘ಗೌಡನ ಕೇಬಲ್’ ಎಂದು ಈಗಲೂ ಹಲ್ಲು ಕಿರಿಯುತ್ತಾರೆ. ಮಾರ ಇಲ್ಲ, ಅಮ್ಮ ಇಲ್ಲ, ನಿಜ ಹೇಳಿದರೆ ಸಿಕ್ಕಿಬೀಳುವವರು ಯಾರೂ ಉಳಿದಿಲ್ಲ. ಅದಕ್ಕೇ ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ, ಇನ್ನೊಬ್ಬರಿಗೆ ಕಳಿಸಿ, ಅವರು ಮತ್ತೊಬ್ಬರಿಗೆ ಕಳಿಸಲಿ. ಆದಿರಾಜ ಗೌಡರು ಕೊಳ್ಳಿ ಹಿಡಿದಂತೆಯೇ, ಎಲ್ಲರೂ ಕಿವಿಗೊಟ್ಟು ನಿಂತಿದ್ದರು ಎಂದು ಹೇಳಿ. ಕೆಳಗೆ ಮೊದಲ ತಿರುವು, ಎರಡನೆಯ ತಿರುವು, ಆಮೇಲೆ ಬಾವಲಿಯ ಕಡಿದಾದ ಇಳಿಜಾರು, ಗೌಡರ ಕೇಬಲ್ ಎಳೆದು ಎಲ್ಲೆಲ್ಲಿ ಗೇರ್ ಬದಲಾಯಿಸಿದರೂ ಒಂದು ಕಿರ್ ಎನ್ನುವ ಸದ್ದೂ ಬರಲಿಲ್ಲ ಎಂದು ಹೇಳಿ.