ಚಿಕ್ಕ ಗಾಯಕ್ಕೆ ಕಾದದ್ದು

ಅಣ್ಣನದು ಕ್ಷೌರದಂಗಡಿ, ತಂಗಿಯದು ಪಕ್ಕದಲ್ಲೇ ಹೊಲಿಗೆ ಅಂಗಡಿ. ನಡುವೆ ಬರೀ ಹಲಗೆ ಗೋಡೆ. ಅವನು ಗಿರಾಕಿಗಳಿಗೆ ಬಿಡುವ ರೈಲಿಗೆಲ್ಲ ಅವಳು ಈಚೆಯಿಂದಲೇ "ಹೂಂ, ಸಾಕು ನಿಲ್ಸು" ಅನ್ನುತ್ತಿದ್ದಳು. ಹರಿದ ಕೋಟು ಅವಳ ಕೈಗೆ ಹೋಗಿ ಬಂದರೆ ಎಲ್ಲಿ ಹರಿದಿತ್ತೆಂದು ತೊಟ್ಟವನಿಗೂ ತಿಳಿಯಬಾರದು. ಅದೇ ಅವಳ ಜಂಭ.

ಅಣ್ಣನಿಗೆ ಬೀದಿ ತುದಿ ಮುಟ್ಟುವಷ್ಟರಲ್ಲಿ ಕಾಲು ಹಿಡಿದುಕೊಳ್ಳತೊಡಗಿತು. ಆಮೇಲೆ ಆ ಕಾಲಿನ ಹೆಬ್ಬೆರಳಿನ ಗಾಯವೊಂದು ಒಣಗಲೇ ಇಲ್ಲ. ರಕ್ತನಾಳದ ಡಾಕ್ಟರು ಸ್ಕ್ಯಾನ್ ತೋರಿಸಿದರು.

"ಹೊಟ್ಟೆಯ ದೊಡ್ಡ ನಾಳ ಕಾಲಿಗೆ ಕವಲೊಡೆಯೋ ಕಡೆ ಕಟ್ಟಿಕೊಂಡಿದೆ. ಹೊಟ್ಟೆ ತೆರೆದು ಬದಲಿ ನಾಳ ಕೂರಿಸಬೇಕು. ಮುಂದಿನ ವಾರವೇ ಮಾಡೋಣ."

"ಎಷ್ಟುದ್ದ ಕೊಯ್ತೀರಿ?" ಅಂದಳು ತಂಗಿ.

ಅವರು ಎದೆಯ ಕೆಳಗಿಂದ ಕಿಬ್ಬೊಟ್ಟೆವರೆಗೆ ಬೆರಳೆಳೆದು ತೋರಿಸಿದರು.

"ರೋಬೋಟಲ್ಲಿ ಸಣ್ಣ ತೂತು ಮಾಡಿ ಮುಗಿಸ್ತಾರಂತಲ್ಲ?"

"ಚೆನ್ನಾಗೇ ಮಾಡ್ತಾರೆ. ಆದ್ರೆ ಆ ಯಂತ್ರ ಇಲ್ಲಿಲ್ಲ, ಇರೋ ಕಡೆ ಎರಡು ತಿಂಗಳ ಸರದಿ. ಈ ಬೆರಳು ಅಷ್ಟು ಕಾಯೋದು ಅನುಮಾನ."

ಹೊರಗೆ ಬಂದು ಅವಳೆಂದಳು, "ಅಷ್ಟುದ್ದ ಸೀಳಿ ಹೊಲಿದ್ರೆ ನೀನು ಮನುಷ್ಯನ ಥರ ಇರ್ತೀಯೋ, ಗೋಣಿಚೀಲದ ಥರ ಇರ್ತೀಯೋ? ಬೇಡಣ್ಣ, ಕಾಯೋಣ."

"ಹೊಲಿಗೆ ವಿಚಾರ ನಿಂಗೇ ಬಿಟ್ಟದ್ದು ತಾಯಿ," ಎಂದು ಅವನು ನಕ್ಕ.

ಕಾದರು. ಬೆರಳು ಕಪ್ಪಾಯಿತು, ಬ್ಯಾಂಡೇಜು ಬದಲಿಸುವಾಗ ಅವಳು ಔಷಧಿಯ ಬಣ್ಣವೆಂದುಕೊಂಡಳು. ವಾಸನೆ ಶುರುವಾದ ಮೇಲೆ ಹಾಗೆಂದುಕೊಳ್ಳಲು ಆಗಲಿಲ್ಲ. ಯಂತ್ರವಿದ್ದ ದೊಡ್ಡ ಆಸ್ಪತ್ರೆಯವರು ಸರದಿ ತಪ್ಪಿಸಿ ಒಳಗೆ ಕರೆದುಕೊಂಡರು. ಅಲ್ಲಿನ ಡಾಕ್ಟರು ಪರದೆಯ ಮುಂದೆ ಕೂತು ಯಂತ್ರದ ಕೈಗಳನ್ನಾಡಿಸಿ ನಾಳ ಜೋಡಿಸಿದರು. ಕಾಲಿಗೆ ರಕ್ತವೂ ಇಳಿಯಿತು. ಆದರೆ ಪಾದದ ಮುಂದಿನ ಅರ್ಧ ಆಗಲೇ ಸತ್ತಿತ್ತು. ಅದನ್ನು ತೆಗೆದರು.

ಹೊಟ್ಟೆಯ ಗಾಯಗಳು ಸೊಗಸಾಗಿ ಮಾಯ್ದವು. ಒಮ್ಮೆ ಹಗಲು ಬೆಳಕಿನಲ್ಲಿ ಹುಡುಕಿ ನೋಡಿದ ಅವಳಿಗೆ ಎರಡು ಮಾತ್ರ ಸಿಕ್ಕವು. ಎದ್ದು ಹಿತ್ತಲಿಗೆ ಹೋಗಿ ಬಹಳ ಹೊತ್ತು ಕೂತಳು.

ಅಂಗಡಿ ಮತ್ತೆ ತೆರೆದ ದಿನ ಮೊದಲು ಬಂದವರು ಹಳೇ ಗಿರಾಕಿ ಮೇಷ್ಟ್ರು. ಅಣ್ಣ ಸೋಪು ಹಚ್ಚಿ, ಕತ್ತಿ ಎತ್ತಿ ಬಾಗಿದ. ಮೈ ವಾಲಿತು. ಕುರ್ಚಿಯ ತೋಳು ಹಿಡಿದುಕೊಂಡ.

"ಮೇಷ್ಟ್ರೇ, ಕೈ ನೆಟ್ಟಗಿದೆ, ಕಾಲು ಮಾತು ಕೇಳ್ತಿಲ್ಲ. ಮೂಲೆ ಅಂಗಡಿಗೆ ಹೋಗಿಬಿಡಿ." ತಾನೇ ಅವರ ಮುಖ ಒರೆಸಿ ಕಳಿಸಿದ.

ತಂಗಿ ಬಾಗಿಲಲ್ಲಿ ನಿಂತಿದ್ದಳು. "ಎತ್ತರದ ಸ್ಟೂಲು ತರ್ತೀನಣ್ಣ."

"ಕೂತು ಕತ್ತು ಕೊಯ್ಯಲಾ?"

ಅವಳು ನಗಲಿಲ್ಲ. "ಒಂದ್ಸಲ ಬೈದುಬಿಡೋ. ಕಾಯೋಣ ಅಂದವಳು ನಾನೇ."

"ಹೂಂ ಅಂದವನು ನಾನು." ಅವನು ಕತ್ತಿ ಮಡಚಿದ. "ಬೈದ್ರೆ ನೀನು ಅತ್ತು ಹಗುರಾಗ್ತೀಯ. ಆಮೇಲೆ ನಾನೊಬ್ಬನೇ ಹೊರಬೇಕು. ಬೈಯಲ್ಲ."

ಒಂದು ಕೈ ಗೋಡೆಗೆ ಕೊಟ್ಟು, ಇನ್ನೊಂದರಲ್ಲಿ ಕತ್ತರಿ, ಬಾಚಣಿಗೆಗಳನ್ನು ಪೆಟ್ಟಿಗೆಗೆ ಹಾಕತೊಡಗಿದ. ಅವಳು ಬಂದು ಪೆಟ್ಟಿಗೆ ಜಾರದಂತೆ ಹಿಡಿದುಕೊಂಡಳು.