ತಡವಾಗಿ ಬಂದಿದ್ದರೆ

ಆ ಭಾನುವಾರ ದುರ್ಗಾಂಬತ್ತ ಬೆಳಗಿನಿಂದಲೇ ರೇಷ್ಮೆ ಸೀರೆ ಉಟ್ಟು, ವಿಜಯವಾಡದ ನಮ್ಮ ಮನೆಯ ಎದುರು, ತಮ್ಮ ಜಗಲಿಯ ಮೇಲೆ ಕೂತಿದ್ದರು. ಅಮ್ಮ ಕೂಗಿದರೆ ಬಂದು, ನಾನು ಮದುವೆಯಾಗಬೇಕೆಂದಿದ್ದ ಚಿನ್ಮಯಿಗೆ ಕುಂಕುಮ ಕೊಡಬೇಕು. ಅಪ್ಪ ಹೋದಮೇಲೆ ನಮ್ಮ ಮನೆಗೆ ಬಂದ ಯಾವ ಹೆಣ್ಣುಮಗಳಿಗೂ ಅಮ್ಮ ತನ್ನ ಕೈಯಿಂದ ಕುಂಕುಮ ಕೊಟ್ಟಿಲ್ಲ. ಭರಣಿ ಅಮ್ಮನದು, ಕೈ ದುರ್ಗಾಂಬತ್ತನದು.

"ಹುಡುಗಿ ಒಪ್ಪಿಗೆ ಆದ್ರೆ ಕೂಗ್ತೀನಿ" ಎಂದಷ್ಟೇ ಅಮ್ಮ ಅವರಿಗೆ ಹೇಳಿದ್ದಳು. ಕೂಗದಿದ್ದರೆ ಏನು ಎಂದು ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ದೊಡ್ಡ ಮಾತುಗಳನ್ನೆಲ್ಲ ಆಡದೆ ಇಡುವುದೇ ರೂಢಿ.

ಅಪ್ಪ ಸತ್ಯಮೂರ್ತಿ ತೆಲುಗಿನವರು, ಮಂಗಳಗಿರಿ ಸೀರೆಗಳ ವ್ಯಾಪಾರಿ. ಅಮ್ಮ ರಾಜ್ಯಲಕ್ಷ್ಮಿ ಬಳ್ಳಾರಿಯವಳು. ನಾನು ಕಾಲೇಜಿನಲ್ಲಿದ್ದಾಗ, ವ್ಯಾಪಾರಕ್ಕೆ ಹೋದ ದೂರದ ಊರಿನ ಮಾರುಕಟ್ಟೆಯಲ್ಲಿ ಯಾರೋ ಇಟ್ಟ ಬಾಂಬಿಗೆ ಅಪ್ಪ ಸತ್ತರು. ಅಲ್ಲಿಂದಾಚೆಗೆ ಟೀವಿಯಲ್ಲಿ ಬಂದೂಕು ಕಂಡರೆ ಅಮ್ಮ ಆರಿಸುತ್ತಾಳೆ. ಅದು ಯಾರ ಕೈಯಲ್ಲಿದೆ ಎಂದು ನೋಡುವುದಿಲ್ಲ.

ಅಂಥವಳ ಮಗ ನಾನು, ವಿಶಾಖಪಟ್ಟಣದಲ್ಲಿ ನೌಕಾಪಡೆಯ ಅಧಿಕಾರಿಯೊಬ್ಬಳನ್ನು ಮೆಚ್ಚಿಕೊಂಡಿದ್ದೆ. ಚಿನ್ಮಯಿ ಧಾರವಾಡದವಳು. ದ್ವಾರಕಾ ನಗರದ ನಮ್ಮ ಬ್ಯಾಂಕಿಗೆ ಖಾತೆ ತೆರೆಯಲು ಬಂದವಳು ನನ್ನ ಮಾತು ಕೇಳಿ, "ನಿಮ್ಮ ಕನ್ನಡಕ್ಕ ತೆಲುಗಿನ ಒಗ್ಗರಣಿ ಜಾಸ್ತಿ ಬಿದ್ದೈತ್ರಿ" ಎಂದಿದ್ದಳು.

ವಿಜಯವಾಡಕ್ಕೆ ಬರುವ ರೈಲಿನಲ್ಲಿ ಅವಳಿಗೆ ಪಾಠ ಹೇಳಿದ್ದೆ. "ನೌಕಾಪಡೆ ಅಂತಷ್ಟೇ ಅಮ್ಮನಿಗೆ ಹೇಳಿದೀನಿ. ಹಡಗಿನ ವಿಷಯ ನೀನಾಗಿ ಎತ್ತಬೇಡ. ಹಾಡೋಕೆ ಬರುತ್ತೆ ಅನ್ನು."

"ಬರಂಗಿಲ್ಲಲ್ಲ."

"ಆಫೀಸ್ ಕೆಲಸ ಅನ್ನು."

ಅವಳು ಕಿಟಕಿಯ ಕಡೆ ತಿರುಗಿ ಕೂತಳು.

ಊಟದಲ್ಲಿ ಅಮ್ಮ ಪುಳಿಹೋರ ಎರಡನೇ ಸಲ ಬಡಿಸಿ, ಅವಳ ಎದುರು ಕೂತಳು.

"ಹಡಗಿನಾಗೆ ನಿನ್ನ ಕೆಲಸ ಏನಮ್ಮಾ?"

"ಫಿರಂಗಿ ವಿಭಾಗರಿ. ಗುಂಡು ಹಾರಸೋದು."

ನಾನು ಎಲೆ ನೋಡುತ್ತ ಕೂತೆ.

"ಸತ್ತವರ ಮನೆಯಾಕಿ ಕೇಳ್ತಿದೀನಿ, ಬೇಜಾರು ಮಾಡ್ಕೋಬೇಡ" ಎಂದಳು ಅಮ್ಮ. "ನಿಮ್ಮೋರು ಗುಂಡು ಹಾಕೋ ಮುಂಚೆ, ಪಕ್ಕದಲ್ಲಿರೋ ಜನ ಎಷ್ಟು ಸಾಯ್ತಾರೆ ಅಂತ ಲೆಕ್ಕ ಹಾಕ್ತಾರಂತೆ. ಬಾಂಬ್ ಇಟ್ಟೋರೂ ಅದೇ ಲೆಕ್ಕ ಹಾಕಿದ್ರು. ಇಬ್ರ ತಲೆಯೂ ಒಂದೇ ಅಲ್ವೇನು?"

"ಅಮ್ಮಾ, ಇವರು ದೇಶಕ್ಕೋಸ್ಕರ..."

"ಅವರೂ ಯಾವುದೋ ಒಂದಕ್ಕೋಸ್ಕರ ಅಂತಾನೇ ಹೇಳಿದ್ರು. ನೀನು ಮಜ್ಜಿಗೆ ಕುಡಿಯಪ್ಪ."

ಚಿನ್ಮಯಿ ಕೈಯನ್ನು ಎಲೆಯ ಮೇಲೆಯೇ ಬಿಟ್ಟು ಹೇಳತೊಡಗಿದಳು. ಸಮುದ್ರದಲ್ಲಿ ಗುಂಡು ಹಾರಿಸುವ ಅಭ್ಯಾಸವಿದ್ದಾಗ ಮೀನುಗಾರರಿಗೆ ಮೊದಲೇ ತಿಳಿಸಿರುತ್ತಾರೆ. ಆದರೂ ಯಾರಾದರೂ ಬಂದಿರಬಹುದು. ಹಡಗಿನಲ್ಲಿರುವ ಯಾರಿಗೇ ಅನುಮಾನ ಬಂದರೂ, ಅಡುಗೆಯವನಿಗೇ ಬಂದರೂ, "ಚೆಕ್ ಫೈರ್" ಎಂದು ಕೂಗಬಹುದು. ಕೂಗಿದರೆ ಕ್ಯಾಪ್ಟನ್ ಕೂಡ ಗುಂಡು ನಿಲ್ಲಿಸಬೇಕು. ಒಮ್ಮೆ ದುರ್ಬೀನಿನಲ್ಲಿ ಅವಳಿಗೆ ಕಪ್ಪು ಅಂಗಿಯ ಮನುಷ್ಯನೊಬ್ಬ ಕಂಡ. ಕೂಗಿದಳು. ಎಲ್ಲ ನಿಂತಿತು. ಹತ್ತಿರ ಹೋಗಿ ನೋಡಿದರೆ, ಬಲೆಯ ಗುರುತಿಗೆಂದು ತೇಲುಬೆಂಡಿಗೆ ಸಿಕ್ಕಿಸಿದ ಬಿದಿರು, ಅದಕ್ಕೆ ಕಟ್ಟಿದ ಕಪ್ಪು ಬಟ್ಟೆಯ ಬಾವುಟ.

"ಈಗೂ ನನಗ ಬಾವುಟ ಮೇಡಂ ಅಂತಾರ್ರಿ. ಆದ್ರ ಬೈಲಿಲ್ಲ ಯಾರೂ. ಮುಂದಿನ ಸಲಾನೂ ಹಂಗ ಕೂಗು ಅಂದ್ರು ಕ್ಯಾಪ್ಟನ್."

ಅಮ್ಮನ ತುಟಿಯಲ್ಲಿ ನಗು ಸುಳಿದು ಹೋಯಿತು. "ಅದು ಅಭ್ಯಾಸ. ಯುದ್ಧದಾಗೆ?"

"ಯುದ್ಧದಾಗ ಅಷ್ಟು ಪುರುಸೊತ್ತು ಇರಂಗಿಲ್ಲ."

"ಹಂಗಾದ್ರೆ, ನಿಮ್ಮ ಗುರಿ ಪಕ್ಕದಲ್ಲಿ ಇವನ ಅಪ್ಪ ನಿಂತಿದ್ರೆ?"

ಇಲ್ಲ, ಹೊಡೆಯುವುದಿಲ್ಲ ಎನ್ನು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಆ ಒಂದು ಸುಳ್ಳು ಸಾಕಿತ್ತು.

"ತೂಗಿ ನೋಡ್ತಾರ್ರಿ" ಎಂದಳು ಚಿನ್ಮಯಿ. "ಗುರಿ ಭಾಳ ದೊಡ್ಡದಿದ್ರ, ಹೊಡೀರಿ ಅಂತ ಆರ್ಡರ್ ಬರಬಹುದು. ಬರಂಗಿಲ್ಲ ಅಂತ ನಾ ಹೇಳಂಗಿಲ್ಲ."

"ಸತ್ತವರಿಗೆ ಎರಡೂ ಒಂದೇ."

"ಹೌದ್ರಿ. ಸತ್ತವರಿಗೆ ಒಂದೇ."

ಹೊರಗೆ ದುರ್ಗಾಂಬತ್ತ ಕೆಮ್ಮಿದರು. ಒಳಗೆ ಯಾರೂ ಅಲುಗಲಿಲ್ಲ. ನಾನು ಹುಟ್ಟಿ ಬೆಳೆದದ್ದೇ ಇಂಥ ಮೌನಗಳ ನಡುವೆ. ಯಾವುದು ಬಾಗಿಲು ಮುಚ್ಚುವ ಮೌನ ಎಂದು ನನಗೆ ಗೊತ್ತಾಗುತ್ತದೆ. ಇದು ಅದೇ ಎಂದುಕೊಂಡೆ.

ಚಿನ್ಮಯಿಯೇ ಮತ್ತೆ ಬಾಯಿ ತೆರೆದಳು. ಈ ಸಲ ದನಿ ತಗ್ಗಿತ್ತು.

"ಆದ್ರ ಒಂದು ಮಾತ್ರಿ. ಅವತ್ತು ಇವರಪ್ಪ ಮಾರ್ಕೆಟ್ಟಿಗೆ ತಡಾಗಿ ಬಂದಿದ್ರ? ಅವರಷ್ಟ ಅಲ್ಲ, ಎಲ್ಲಾರೂ ತಡಾಗಿ ಬಂದು, ಮಾರ್ಕೆಟ್ ಖಾಲಿ ಇದ್ದಿದ್ರ? ಬಾಂಬ್ ಇಟ್ಟವರ ಕೆಲಸ ಕೆಡ್ತಿತ್ತು. ಅವರು ಸೋಲ್ತಿದ್ರು. ನಮ್ಮ ಗುರಿ ಪಕ್ಕ ನಿಲ್ಲೋರು ತಡಾಗಿ ಬಂದ್ರ ನಾವು ಸೋಲಂಗಿಲ್ರಿ. ಗುರಿ ಅಷ್ಟ ಹೊಡದು ಗೆಲ್ತೀವಿ. ಯಾರೂ ಬರದೇ ಇರ್ಲಿ ಅಂತ ದುರ್ಬೀನು ಹಿಡದು ನಿಂತಿರ್ತೀವಿ. ತಲಿ ಒಂದ ಅಲ್ರಿ."

ಅಮ್ಮನ ಕೈ ಪುಳಿಹೋರದ ಸೌಟಿನ ಮೇಲೆ ನಿಂತುಬಿಟ್ಟಿತು.

ತಡವಾಗಿ ಬಂದಿದ್ದರೆ. ಇಷ್ಟು ವರ್ಷ ಅಮ್ಮ ನನ್ನೆದುರು ಒಮ್ಮೆಯೂ ಆಡದ ಮಾತು ಅದು. ಅಪ್ಪ ಹೊರಟ ಬೆಳಿಗ್ಗೆ ಇಡ್ಲಿ ಇನ್ನೂ ಬೆಂದಿರಲಿಲ್ಲ. ಅಮ್ಮನೇ ಅವಸರ ಮಾಡಿ, ಹಸಿದ ಹೊಟ್ಟೆಯಲ್ಲೇ ಅವರನ್ನು ರೈಲಿಗೆ ಕಳಿಸಿದ್ದಳು. ಅಂದಿನಿಂದ ಈ ಮನೆಯಲ್ಲಿ ಯಾರಿಗೂ ಬೇಗ ಹೊರಡು ಎಂದವಳಲ್ಲ.

"ಜನ ಸರಿಯೋವರೆಗೂ ಕಾಯೋದು ನಿನ್ನ ಕೈಯಾಗೆ ಇದ್ರೆ ಕಾಯ್ತೀಯಾ?" ಎಂದು ಕೇಳಿದಳು.

"ಕಾಯ್ತೀನ್ರಿ."

"ಇಲ್ಲದಿದ್ರೆ?"

"ನಿಮ್ಮ ಮುಂದ ಬಂದು ಕೂತು, ಹಿಂಗಾತು ಅಂತ ಹೇಳ್ತೀನಿ. ಮುಚ್ಚಿಡಂಗಿಲ್ಲ."

ಅಮ್ಮ ಎದ್ದು ದೇವರ ಕೋಣೆಗೆ ಹೋದಳು. ಬೀದಿಯ ಕಡೆಗೆ ಹೋಗಲಿಲ್ಲ, ದುರ್ಗಾಂಬತ್ತನನ್ನು ಕೂಗಲೂ ಇಲ್ಲ. ನಾನು ಚಿನ್ಮಯಿಯ ಕಡೆ ನೋಡಲಾರದೆ ಎಲೆ ಮಡಿಸಿದೆ.

ಹೆಜ್ಜೆಯ ಸದ್ದಿಗೆ ತಲೆ ಎತ್ತಿದರೆ, ಅಮ್ಮ ಭರಣಿ ಹಿಡಿದು ಬರುತ್ತಿದ್ದಳು. ತೋಳಿನ ಮೇಲೆ ಅಪ್ಪನ ಅಂಗಡಿಯ ಸೀರೆ, ಜರಿಯಂಚಿನದು. ಯಾರನ್ನೂ ಕರೆಯದೆ, ಯಾರ ಅಪ್ಪಣೆಗೂ ಕಾಯದೆ, ತನ್ನದೇ ಬೆರಳನ್ನು ಕುಂಕುಮದಲ್ಲಿ ಅದ್ದಿ ಚಿನ್ಮಯಿಯ ಹಣೆಗಿಟ್ಟಳು.

"ಎಂಜಲಗೈ ಅತ್ತಿ" ಎಂದಳು ಚಿನ್ಮಯಿ, ಸೀರೆ ತೆಗೆದುಕೊಳ್ಳಲಾರದೆ.

"ಇರಲಿ. ಸೆರಗು ಒಡ್ಡು."

ಬಾಗಿಲಲ್ಲಿ ದುರ್ಗಾಂಬತ್ತ ನಿಂತಿದ್ದರು. "ಏಮ್ಮಾ ರಾಜ್ಯಲಕ್ಷ್ಮೀ, ಬೆಳಗಿನಿಂದ ರೇಷ್ಮೆ ಉಟ್ಟು ಬೆವೆತು ಕೂತಿದೀನಿ, ನನ್ನ ಕೆಲಸಾನೇ ಕಿತ್ತುಕೊಂಡ್ಯಾ?"

"ನಿನಗೆ ಪಿಂಚಣಿ ಕೊಡ್ತೀನಿ, ಒಳಗೆ ಬಾ" ಎಂದಳು ಅಮ್ಮ. ಅವಳು ನಕ್ಕದ್ದನ್ನು ನಾನು ಕೇಳಿ ವರ್ಷಗಳಾಗಿದ್ದವು. ಬೀದಿಯ ಕೊನೆಯವರೆಗೂ ಕೇಳುವಂತೆ ನಕ್ಕಳು.

ಸಂಜೆಯ ರೈಲಿಗೆ ಹೊತ್ತಾಯಿತೆಂದು ನಾನು ಚೀಲ ಎತ್ತಿಕೊಂಡೆ. ಅಮ್ಮ ಅದನ್ನು ಕಿತ್ತು ಮೂಲೆಯಲ್ಲಿಟ್ಟು, ಚಿನ್ಮಯಿಗೆ ಕಾಫಿ ಲೋಟ ಕೊಟ್ಟಳು.

"ನಿಧಾನಕ್ಕೆ ಕುಡಿ" ಎಂದಳು. "ಇನ್ನೊಂದು ರೈಲು ಇದ್ದೇ ಇರುತ್ತೆ."