ಮೂರು ಒಲೆಗಲ್ಲು

ಮರಳುಗಾಡಿನಲ್ಲಿ ಚಹಾ ಕುಡಿದಾದ ಮೇಲೆ ಒಲೆಯ ಮೂರು ಕಲ್ಲುಗಳನ್ನು ಏನು ಮಾಡಬೇಕು? ಈ ವಿಷಯದಲ್ಲಿ ಅಗಾಲಿಗೂ ತಾಸಿಲಿ ರಾಷ್ಟ್ರೀಯ ಉದ್ಯಾನದ ಕಾವಲುಗಾರ ಘೂಮಾನಿಗೂ ಚಳಿಗಾಲವಿಡೀ ಜಟಾಪಟಿ.

ಅಗಾಲಿ ನಲವತ್ತು ವರ್ಷ ಆ ಬಂಡೆಗಳ ನಡುವೆ ಪ್ರವಾಸಿಗರನ್ನು ಕರೆದೊಯ್ದವನು. ಚಹಾದ ಮೂರನೆಯ, ಕೊನೆಯ ಲೋಟ ಮುಗಿದೊಡನೆ ಒಲೆಗಲ್ಲುಗಳನ್ನು ಒಂದರ ಮೇಲೊಂದು ಪೇರಿಸಿಟ್ಟೇ ಏಳುತ್ತಿದ್ದ. ಮುಂದೆ ಬರುವವರು ಕಲ್ಲು ಹುಡುಕುವಂತಾಗಬಾರದು, ಅಷ್ಟೆ. ಅದು ಅಪ್ಪ ಕಲಿಸಿದ ಮರ್ಯಾದೆ.

“ಮಾವ, ದಾರಿ ತೋರ್ಸೋ ಗುಪ್ಪೆನೂ ಹಿಂಗೇ ಇರುತ್ತೆ. ಗೊತ್ತಿಲ್ದೋರು ಇದನ್ನೇ ನಂಬ್ಕೊಂಡು ಹೋಗ್ತಾರೆ. ಚದುರಿಸಿಬಿಡು,” ಎಂದಿದ್ದ ಘೂಮಾ.

“ಒಲೆ ಯಾವ್ದು ದಾರಿ ಯಾವ್ದು ತಿಳೀದೋರು ಇಲ್ಲಿಗ್ಯಾಕೆ ಬರ್ಬೇಕು? ಮನೇಲಿ ಕೂತು ಖರ್ಜೂರ ತಿನ್ಲಿ,” ಎಂದು ಅಗಾಲಿ ನಕ್ಕುಬಿಟ್ಟಿದ್ದ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅವನು ಸಂತೆಗೆ ಹೋಗಿದ್ದಾಗ ಹೆಂಡತಿ ರೈಶಾ ಕಣಿವೆಯ ಹಳೆಯ ಸೈಪ್ರೆಸ್ ಮರ ನೋಡಲು ಹೊರಟಳು. ಹುಡುಗಿಯಾಗಿದ್ದಾಗ ಆ ನೆರಳಲ್ಲಿ ಕೂತು ಆಡು ಕಾದಿದ್ದಳು. ಈಗ ಕಣ್ಣಿಗೆ ಪೊರೆ. ಪೂರ್ತಿ ಮಂಜಾಗುವ ಮುನ್ನ ಇನ್ನೊಮ್ಮೆ ನೋಡುವ ಆಸೆ. ಹೋಗುವ ದಾರಿ, ಮರಳುವ ಹೊತ್ತು ಎರಡನ್ನೂ ನೆರೆಮನೆಯಲ್ಲಿ ಹೇಳಿ, ನೀರಿನ ಚೀಲವನ್ನು ಹೆಗಲಿಗೇರಿಸಿಕೊಂಡಳು. ಕೋಲಿನಿಂದ ಕಲ್ಲುಗುಪ್ಪೆಗಳನ್ನು ತಡವುತ್ತ ನಡೆದಳು.

ಹೇಳಿದ ಹೊತ್ತಿಗೆ ಬರಲಿಲ್ಲ. ಸಂತೆಯಿಂದ ಮರಳಿದ ಅಗಾಲಿ ನೆರೆಮನೆಯವರಿಂದ ದಾರಿ ತಿಳಿದು, ಘೂಮಾನನ್ನು ಕರೆದುಕೊಂಡು ಓಡೋಡಿ ಹೋದ. ಮರದ ಕೆಳಗೆ ಯಾರೂ ಇರಲಿಲ್ಲ. ಘೂಮಾ ಹಿಂತಿರುಗಿ, ದಾರಿ ಕವಲೊಡೆಯುವಲ್ಲಿ ನಿಂತು ಎಡಗಡೆಗೆ ಕೈ ತೋರಿಸಿದ. ಅಲ್ಲಿ ಉದ್ದಕ್ಕೂ ಅಗಾಲಿಯ ಗುಪ್ಪೆಗಳು, ಮೂರು ಮೂರು ಕಲ್ಲಿನವು.

ಕೊನೆಯ ಗುಪ್ಪೆಯ ಪಕ್ಕ, ಬಂಡೆಯ ನೆರಳಲ್ಲಿ ರೈಶಾ ಕೂತಿದ್ದಳು. ಅಂಗೈ ಕಪ್ಪಾಗಿತ್ತು.

“ಕೋಲಿಗೆ ಎಲ್ಲಾ ಕಲ್ಲೂ ಒಂದೇ. ಇದನ್ನ ಕೈಯಲ್ಲಿ ಮುಟ್ಟಿದೆ, ಮಸಿ ಹತ್ತಿತು. ಇದು ದಾರಿ ಅಲ್ಲ, ನಿನ್ನ ಒಲೆ ಅಂತ ಗೊತ್ತಾಯ್ತು. ಹುಡುಕ್ಕೊಂಡು ಬರ್ತೀಯಲ್ಲ, ಅಲ್ಲಾಡ್ದೆ ಕೂತು ಖರ್ಜೂರ ತಿಂತಿದ್ದೆ.”

ಘೂಮಾ ಬೇರೆಲ್ಲೋ ನೋಡಿದ. ಅಗಾಲಿ ತನ್ನ ರುಮಾಲಿನ ತುದಿಯಿಂದ ಅವಳ ಅಂಗೈ ಒರೆಸಿದ. ಆಮೇಲೆ ಬಗ್ಗಿ, ಮೂರು ಕಲ್ಲುಗಳನ್ನೂ ಮಸಿ ಕೆಳಗಾಗುವಂತೆ ದೂರ ದೂರ ಮಲಗಿಸಿದ.

“ಮರ ನೋಡ್ಲೇ ಇಲ್ಲ,” ಎಂದಳು ರೈಶಾ.

“ಇನ್ನೂ ಬಿಸಿಲಿದೆ. ನಡಿ,” ಎಂದು ಅಗಾಲಿ ಅವಳ ಕೈ ಹಿಡಿದ. ಉಳಿದ ಗುಪ್ಪೆಗಳನ್ನು ದಾರಿಯುದ್ದಕ್ಕೂ ಅವನೇ ಚದುರಿಸುತ್ತ ಹೋದ.

ನೀವೂ ಬನ್ನಿ, ಬಂಡೆಗಳನ್ನೂ ಮರಗಳನ್ನೂ ಕಣ್ತುಂಬ ನೋಡಿ. ಹೋಗುವ ದಾರಿಯನ್ನು ಯಾರಿಗಾದರೂ ಹೇಳಿ, ಸಾಕಷ್ಟು ನೀರು ಹೊತ್ತು ಹೊರಡಿ. ದಾರಿ ತಪ್ಪಿತು ಅನ್ನಿಸಿದರೆ ನೆರಳು ನೋಡಿ ಅಲ್ಲೇ ಕೂತುಬಿಡಿ. ಚಹಾ ಮುಗಿದ ಮೇಲೆ ಬೆಂಕಿ ಆರಿಸಿ, ಕಲ್ಲು ಚದುರಿಸಿ ಏಳಿ. ನಿಮ್ಮ ಹಿಂದೆ ಬರುವವರಲ್ಲಿ ಕಣ್ಣು ಮಂಜಾದವರೊಬ್ಬರು ಇರಬಹುದು.